ನಲವತ್ತು ನಿಮಿಷದ ಜಗಳ

ಮೂರು ನಿಮಿಷಕ್ಕೊಂದು ಸಲ ಮೌಸನ್ನು ಅಲ್ಲಾಡಿಸಿದರೆ ಸಾಕು, ಬೇರೆ ಏನನ್ನೂ ಮುಟ್ಟಬೇಡಿ ಎಂದಿದ್ದಳು ಪ್ರೇಮಲೀಲಾ. ಹೇಳುವಾಗ ಅವಳು ಗಂಡನ ಮುಖ ನೋಡಲಿಲ್ಲ. ಊದಿದ ಕೆನ್ನೆಯನ್ನು ಒಂದು ಕೈಯಿಂದ ಒತ್ತಿಕೊಂಡು ಕಂಪ್ಯೂಟರಿನ ಪರದೆಯ ಮೂಲೆಯಲ್ಲಿದ್ದ ಗಡಿಯಾರವನ್ನೇ ನೋಡುತ್ತಿದ್ದಳು. ಹೊರಡುವ ಮುಂಚೆ, "ಬಚ್ಚಲಿಗೆ ಹೋಗೋದಿದ್ರೆ ಈಗ್ಲೇ ಹೋಗ್ಬಂದ್ಬುಡಿ. ಆಮೇಲೆ ಏಳೋ ಹಂಗಿಲ್ಲ," ಎಂದಳು. ನಲವತ್ತೊಂಬತ್ತು ವರ್ಷದ ಸಿದ್ದಲಿಂಗಸ್ವಾಮಿ, ಇಪ್ಪತ್ತೆರಡು ವರ್ಷ ಆರುನೂರು ಜನರ ಹಾಜರಿ ಹಿಡಿದಿದ್ದ ಮನುಷ್ಯ, ಬಚ್ಚಲಿಗೆ ಹೋದ. ಮೂತ್ರ ಬರಲಿಲ್ಲ. ಆದರೂ ಎರಡು ನಿಮಿಷ ನಿಂತು, ಒಂದು ತಂಬಿಗೆ ನೀರು ಹುಯ್ದು ಬಂದ. ಆ ನೀರು ಹುಯ್ದದ್ದು ಯಾರಿಗೆ ಕೇಳಿಸಲೆಂದು ಎಂಬುದು ಕುರ್ಚಿಯಲ್ಲಿ ಕೂತ ಮೇಲೆ ಹೊಳೆದು ಅವನ ಕಿವಿ ಬಿಸಿಯಾಯಿತು. ಅಷ್ಟರಲ್ಲಿ ಗೇಟಿನ ಸದ್ದಾಯಿತು. ಕುರ್ಚಿಯ ಮೇಲೆ ಅವಳ ಬಿಸಿ ಇನ್ನೂ ಇತ್ತು. ಅವನು ಮುಂದಕ್ಕೆ ಸರಿದು, ಬೇರೆಯವರ ಆಫೀಸಿನಲ್ಲಿ ಕಾಯುವವನ ಹಾಗೆ ಅಂಚಿನಲ್ಲಿ ಕೂತ.

ಹತ್ತೂ ಇಪ್ಪತ್ತು. ಪರದೆಯ ಮೂಲೆಯಲ್ಲಿ ಈ ವಾರದ ಕೆಲಸ ಮೂವತ್ತೈದು ಗಂಟೆ ಎಂದಿತ್ತು. ವಾರಕ್ಕೆ ನಲವತ್ತು ಆಗಬೇಕು, ಸತತ ನಾಲ್ಕು ವಾರ ಆಗಬೇಕು; ಹಾಗಾದರೆ ಮುಂದಿನ ತಿಂಗಳಿನಿಂದ ಕೆಲಸ ಖಾಯಂ, ತಿಂಗಳಿಗೆ ಹದಿನೈದು ಸಾವಿರ. ಇದು ನಾಲ್ಕನೆಯ ವಾರ, ಇವತ್ತು ಶುಕ್ರವಾರ, ಕೊನೆಯ ದಿನ. ಕೆಲಸ ಕೊಡುವವಳಿರುವ ಆಸ್ಟ್ರೇಲಿಯಾದಲ್ಲಿ ಶುಕ್ರವಾರ ಮುಗಿಯುವುದು ನಮ್ಮ ಸಂಜೆ ಏಳೂವರೆಗೆ. ಅಷ್ಟರಲ್ಲಿ ಕರೆಂಟು ಎರಡು ಸಲ ಹೋಗುತ್ತದೆ, ಒಂದರಿಂದ ಮೂರು, ಐದರಿಂದ ಏಳು. ಇದನ್ನೆಲ್ಲ ಪ್ರೇಮಲೀಲಾ ಬೆಳಿಗ್ಗೆಯೇ ಪೇಪರಿನ ಅಂಚಿನಲ್ಲಿ ಕೂಡಿ ಕಳೆದು ನೋಡಿದ್ದಳು: ಬೇಕಾದದ್ದು ಐದು ಗಂಟೆ, ಸಿಗುವುದು ಐದು ಗಂಟೆ ಹತ್ತು ನಿಮಿಷ. ಆದರೆ ಹಲ್ಲು ಕಾಯುವ ಸ್ಥಿತಿಯಲ್ಲಿರಲಿಲ್ಲ. ಮೂರು ರಾತ್ರಿಯಿಂದ ಅವಳು ಮಲಗಿರಲಿಲ್ಲ, ಕೆನ್ನೆ ಊದಿ ಒಂದು ಕಣ್ಣು ಸಣ್ಣದಾಗಿತ್ತು. ಕಡಿಮೆ ದುಡ್ಡಿಗೆ ಹಲ್ಲು ಕೀಳುವ ಆಸ್ಪತ್ರೆಯಲ್ಲಿ ಚೀಟಿ ಕೊಡುವುದು ಬೆಳಿಗ್ಗೆ ಮಾತ್ರ. ಗಡಿಯಾರ ನಿಲ್ಲಿಸಿ ಹೋದರೆ ನಲವತ್ತು ತುಂಬುವುದಿಲ್ಲ. ನಿಲ್ಲಿಸದೆ ಹೋದರೆ ಯಾರಾದರೂ ಮೌಸು ಅಲ್ಲಾಡಿಸುತ್ತಿರಬೇಕು. ಹತ್ತು ನಿಮಿಷಕ್ಕೊಮ್ಮೆ, ಯಾವ ಗಳಿಗೆಯಲ್ಲಿ ಎಂದು ಗೊತ್ತಾಗದ ಹಾಗೆ, ಆ ಗಡಿಯಾರ ತಾನೇ ಪರದೆಯ ಚಿತ್ರ ಹಿಡಿದು ಕೆಲಸ ಕೊಡುವವಳಿಗೆ ಕಳಿಸುತ್ತಿತ್ತು. ಆ ಹತ್ತು ನಿಮಿಷದಲ್ಲಿ ಎಷ್ಟು ಸಲ ಕೀಲಿ ಒತ್ತಿದರು, ಎಷ್ಟು ಸಲ ಮೌಸು ಓಡಿತು ಎಂದು ಪಕ್ಕದಲ್ಲಿ ಹಸಿರು ಪಟ್ಟಿಯಲ್ಲಿ ತೋರಿಸುತ್ತಿತ್ತು. ಮೊದಲ ಸಲ ಅದನ್ನು ಕಂಡಾಗ ಸಿದ್ದಲಿಂಗಸ್ವಾಮಿಗೆ, ಹೇಳಿದರೆ ನಗೆಪಾಟಲಾಗುತ್ತದೆ, ಹೊಟ್ಟೆಕಿಚ್ಚಾಗಿತ್ತು. ಇಂಥದೊಂದು ತನ್ನ ಕೈಯಲ್ಲಿದ್ದಿದ್ದರೆ!

ಫ್ಯಾಕ್ಟರಿಯ ಟೈಂ ಆಫೀಸಿನ ಕಿಂಡಿಯ ಹಿಂದೆ ಅವನು ಕೂರುತ್ತಿದ್ದ. ಗೋಡೆಯ ಮೇಲೆ ಪಂಚಿಂಗ್ ಗಡಿಯಾರ, ಅದರ ಪಕ್ಕದಲ್ಲಿ ಆರುನೂರು ಕಾರ್ಡುಗಳ ಗೂಡು. ಏಳು ಗಂಟೆಯ ಸೈರನ್ ಆದ ಮೇಲೆ ಒತ್ತಿದ ಕಾರ್ಡಿನಲ್ಲಿ ಕೆಂಪಕ್ಷರ ಬೀಳುತ್ತಿತ್ತು. ನಾಲ್ಕು ನಿಮಿಷ ತಡವಾದರೆ ಕಾಲು ದಿನದ ಸಂಬಳ ಕಡಿತ, ಹದಿನೈದು ದಾಟಿದರೆ ಅರ್ಧ ದಿನ. ಯಾರಿಗೂ ವಿನಾಯಿತಿಯಿಲ್ಲ, ಸೋದರಮಾವನ ಮಗನಿಗೂ ಇಲ್ಲ. ಎಲ್ಲರೂ ಅವನಿಗೆ ಹೆದರುತ್ತಿದ್ದರು, ಅದನ್ನು ಅವನು ಮರ್ಯಾದೆಯೆಂದು ಕರೆಯುತ್ತಿದ್ದ. ಒಂದು ದಿನ ಕೆಸರೆಯ ಮಹದೇವು ಎಂಬುವನು ತನ್ನ ಕಾರ್ಡಿನ ಜತೆ ಷಡ್ಡಕನ ಕಾರ್ಡನ್ನೂ ಒತ್ತಿದ್ದನ್ನು ಅವನು ಕಿಂಡಿಯಿಂದ ಕಂಡ. ಷಡ್ಡಕನ ಹೆಂಡತಿಗೆ ಹೆರಿಗೆ ನೋವು, ಬಸ್ಸು ತಪ್ಪಿದೆ, ಹತ್ತು ನಿಮಿಷದಲ್ಲಿ ಬಂದುಬಿಡುತ್ತಾನೆ ಎಂದು ಮಹದೇವು ಕೈಮುಗಿದ. ಸಿದ್ದಲಿಂಗಸ್ವಾಮಿ ರಿಪೋರ್ಟು ಬರೆದ. ಇಬ್ಬರಿಗೂ ಎಂಟೆಂಟು ದಿನ ಸಸ್ಪೆನ್ಷನ್. ಮಹದೇವುವಿನ ಹೆಂಡತಿ ಬೆಟ್ಟಮ್ಮ ಮನೆಯವರೆಗೂ ಬಂದು ಗೇಟಿನ ಹತ್ತಿರ ಕೂತಿದ್ದಳು. ಪ್ರೇಮಲೀಲಾ ಅವಳನ್ನು ಒಳಗೆ ಕರೆದು ಉಪ್ಪಿಟ್ಟು ಕೊಟ್ಟು, ಅವಳು ಹೋದ ಮೇಲೆ ಗಂಡನ ಮೇಲೆ ಹರಿಹಾಯ್ದಿದ್ದಳು. ಆ ಜಗಳ ಮೂರು ದಿನ ನಡೆದಿತ್ತು. ಆಗೆಲ್ಲ ಅವಳು ಮನಸಾರೆ ಜಗಳವಾಡುತ್ತಿದ್ದಳು, ಪಾತ್ರೆ ಕುಕ್ಕುತ್ತಿದ್ದಳು, ಅಳುತ್ತಿದ್ದಳು. ಮೌಸಿನ ಬಾಣ ನಿಂತಿತ್ತು. ಅವನು ಬೆಚ್ಚಿ ಅಲ್ಲಾಡಿಸಿದ.

ಈಗ ಅವನೇ ಇನ್ನೊಬ್ಬರ ಕಾರ್ಡು ಒತ್ತುತ್ತಿದ್ದಾನೆ. ಇದು ಅವನಿಗೆ ಬೆಳಿಗ್ಗೆ ಅವಳು ಕೇಳಿದಾಗಲೇ ಹೊಳೆದಿತ್ತು, ಆದರೆ ಹೇಳಲು ಬಾಯಿ ಬರಲಿಲ್ಲ. ಏನೆಂದು ಹೇಳುವುದು? ಫ್ಯಾಕ್ಟರಿ ಬಾಗಿಲು ಹಾಕಿ ಐದು ವರ್ಷ. ಕೈಗೆ ಬಂದಿದ್ದ ಇಡಿಗಂಟನ್ನು ಗೆಳೆಯನೊಬ್ಬನ ಫೈನಾನ್ಸಿನಲ್ಲಿ ಇಟ್ಟು, ಅದೂ ಹೋಗಿ, ಮನೆ ನಡೆಯುತ್ತಿರುವುದು ಇವಳು ಟೈಪು ಮಾಡುವ ಗಂಟೆಗಳಿಂದ. ಮಗಳು ಬಿಂದುಶ್ರೀ ಬಸ್ಸಿನ ಪಾಸಿಗೆ ದುಡ್ಡು ಬೇಕಾದರೆ ಅವನೆದುರೇ ಹಾದುಹೋಗಿ ಅಡಿಗೆಮನೆಯಲ್ಲಿ ಅಮ್ಮನನ್ನು ಕೇಳುತ್ತಾಳೆ. ಬೇಕೆಂದು ಮಾಡುವುದಿಲ್ಲ ಅವಳು, ಅದೇ ಅವನಿಗೆ ಹೆಚ್ಚು ಚುಚ್ಚುವುದು. ದುಡ್ಡು ಇರುವ ಕಡೆ ಕೇಳುತ್ತಾಳೆ, ನೀರು ಬರುವ ನಲ್ಲಿಯ ಕೆಳಗೆ ಬಿಂದಿಗೆ ಇಡುವ ಹಾಗೆ. ಆದರೂ ಶಿವರಾತ್ರಿಯಿಂದೀಚೆಗೆ ಮನೆಯಲ್ಲಿ ಒಂದು ನೆಮ್ಮದಿ ಬಂದಿತ್ತು ಎಂದು ಅವನು ತಿಳಿದಿದ್ದ. ಪ್ರೇಮಲೀಲಾ ಜಗಳವಾಡುವುದನ್ನು ನಿಲ್ಲಿಸಿದ್ದಳು. ಕರೆಂಟು ಬಿಲ್ಲು ಕಟ್ಟಲು ಮರೆತು ಬಂದ ದಿನವೂ ಅವಳು ಏನೂ ಅನ್ನಲಿಲ್ಲ, ಮಾರನೆಯ ದಿನ ಮಗಳ ಕೈಲಿ ಕಟ್ಟಿಸಿದಳು. ನಾಲ್ಕು ತಿಂಗಳು ಒಂದು ಬಿರುನುಡಿ ಇಲ್ಲ. ದುಡಿಯುವ ಹೆಂಗಸಿಗೆ ತಿಳಿವಳಿಕೆ ಬಂದಿದೆ, ಗಂಡನ ಕಷ್ಟವೂ ಗೊತ್ತಾಗಿದೆ ಎಂದು ಅವನು ಲಿಂಗಪೂಜೆಗೆ ಕೂತಾಗ ಶಿವನಿಗೆ ಕೃತಜ್ಞತೆ ಹೇಳಿಕೊಳ್ಳುತ್ತಿದ್ದ. ನಿಜವಾಗಿಯೂ ಹೇಳಿಕೊಳ್ಳುತ್ತಿದ್ದ, ಕಣ್ಣು ಒದ್ದೆಯಾಗುತ್ತಿತ್ತು.

ಈ ಕೆಲಸ ಬಂದದ್ದು ಮಹಡಿಯಿಂದ. ಮನೆಯ ಮಾಲೀಕರು ಮಹಡಿಯನ್ನು ಮೈಸೂರಿನ ಗೋಕುಲಂ ಬಡಾವಣೆಗೆ ಯೋಗ ಕಲಿಯಲು ಬರುವ ವಿದೇಶಿಯರಿಗೆ ಬಾಡಿಗೆಗೆ ಕೊಡುತ್ತಿದ್ದರು. ಹಿಂದಿನ ಚಳಿಗಾಲ ಆಸ್ಟ್ರೇಲಿಯಾದ ಕರೀನ್ ಎಂಬ ಹೆಂಗಸು ಬಂದು ಮೂರು ತಿಂಗಳಿದ್ದಳು. ಪ್ರೇಮಲೀಲಾ ಅವಳಿಗೆ ಮಧ್ಯಾಹ್ನದ ಊಟ ಮಾಡಿ ಕೊಡುತ್ತಿದ್ದಳು. ಮದುವೆಗೆ ಮುಂಚೆ ರೇಷ್ಮೆ ವ್ಯಾಪಾರಿಯೊಬ್ಬರ ಆಫೀಸಿನಲ್ಲಿ ಟೈಪಿಸ್ಟಾಗಿದ್ದವಳು ಎಂದು ಮಾತಿಗೆ ಮಾತು ಬಂದು ಗೊತ್ತಾಗಿ, ಊರಿಗೆ ಹೋದ ಮೇಲೆ ಕರೀನ್ ಕೆಲಸ ಕಳಿಸತೊಡಗಿದಳು. ಕರೀನ್ ತನ್ನ ದೇಶದಲ್ಲಿ ಪಾಠ ಮಾರುವವಳು: ಹೊತ್ತನ್ನು ಹೇಗೆ ಉಳಿಸಬೇಕು, ಬೆಳಿಗ್ಗೆ ಹೇಗೆ ಏಳಬೇಕು, ದುಡ್ಡಿನ ಚಿಂತೆಯನ್ನು ತಲೆಯಿಂದ ಹೇಗೆ ತೆಗೆಯಬೇಕು. ಅವಳು ಮಾತಾಡಿ ಕಳಿಸಿದ್ದನ್ನು ಇವಳು ಕಿವಿಗೆ ಹಾಕಿಕೊಂಡು ಇಂಗ್ಲಿಷಿನಲ್ಲಿ ಟೈಪು ಮಾಡಬೇಕು, ಗಂಟೆಗೆ ಎರಡು ಡಾಲರ್. ಟೈಪು ಮಾಡುತ್ತ ಮಾಡುತ್ತ ಪ್ರೇಮಲೀಲಾ ಆ ಪಾಠಗಳನ್ನು ತಾನೇ ಪಾಲಿಸತೊಡಗಿದ್ದಳು. ಗೋಡೆಯ ಮೇಲೆ ಅವಳ ದುಂಡು ಅಕ್ಷರದ ಚೀಟಿಗಳು: ಐದಕ್ಕೆ ಏಳುವುದು. ಒಂದು ಸಲಕ್ಕೆ ಒಂದೇ ಕೆಲಸ. ಈಮೇಲ್ ಪತ್ರ ನೋಡುವುದು ದಿನಕ್ಕೆ ಎರಡೇ ಸಲ, ಹನ್ನೊಂದಕ್ಕೆ ಮತ್ತು ನಾಲ್ಕಕ್ಕೆ. ಸಿದ್ದಲಿಂಗಸ್ವಾಮಿ ಆ ಚೀಟಿಗಳನ್ನು ಓದಿ ಒಳಗೊಳಗೇ ನಗುತ್ತಿದ್ದ. ಬರೀ ಶಿಸ್ತಿನ ಮಾತುಗಳು, ಟೈಂ ಆಫೀಸಿನ ಯಾವ ಗುಮಾಸ್ತನಾದರೂ ಪುಕ್ಕಟೆ ಹೇಳುತ್ತಿದ್ದ.

ಹನ್ನೊಂದೂ ಕಾಲಾಯಿತು. ಬೇಸರಕ್ಕೆ ಅವನು ಮೌಸಿನ ಗಾಲಿಯನ್ನು ತಿರುಗಿಸಿದ. ತೆರೆದಿದ್ದ ಪುಟ ಮೇಲಕ್ಕೆ ಓಡಿತು. ಅವಳು ಬೆಳಿಗ್ಗೆ ಟೈಪು ಮಾಡಿದ್ದ ಪಾಠ ಅದು, ಅರ್ಧಕ್ಕೆ ನಿಂತಿತ್ತು. ಅದರ ತಲೆಬರಹ, ಯಾವ ಜಗಳ ನಿಮ್ಮ ಕೈಗೆಟುಕುವಂಥದು, ಎಂದಿತ್ತು. ಅವನ ಇಂಗ್ಲಿಷು ಫ್ಯಾಕ್ಟರಿಯ ಇಂಗ್ಲಿಷು. ಆದರೂ ಓದಿದರೆ ಗೊತ್ತಾಗುತ್ತಿತ್ತು. ಬೆರಳಿಟ್ಟು ಸಾಲು ಸಾಲಾಗಿ ಓದಿದ. ಮೈಸೂರಿನಲ್ಲಿ ನನಗೊಬ್ಬ ಗೆಳತಿಯಿದ್ದಾಳೆ ಎಂದು ಕರೀನ್ ಹೇಳಿದ್ದಳು. ಅವಳ ಗಂಡ ಐದು ವರ್ಷದಿಂದ ಮನೆಯಲ್ಲಿ ಕೂತಿದ್ದಾನೆ. ಕೆಟ್ಟವನಲ್ಲ, ಕುಡಿಯುವುದಿಲ್ಲ, ಹೊಡೆಯುವುದಿಲ್ಲ, ಕೂತಿದ್ದಾನೆ, ಅಷ್ಟೆ. ಗೆಳತಿ ಅವನ ಜತೆ ದಿನಾ ಜಗಳವಾಡುತ್ತಿದ್ದಳು. ಒಂದು ದಿನ ನನ್ನ ಪಾಠ ಕೇಳಿ ಒಂದು ವಾರದ ಜಗಳಗಳನ್ನೆಲ್ಲ ಬರೆದಿಟ್ಟು ಲೆಕ್ಕ ಹಾಕಿದಳು. ಒಂದು ಜಗಳಕ್ಕೆ ನಲವತ್ತು ನಿಮಿಷ: ಹತ್ತು ನಿಮಿಷ ಆಡುವುದಕ್ಕೆ, ಹತ್ತು ಅಳುವುದಕ್ಕೆ, ಇಪ್ಪತ್ತು ಮತ್ತೆ ಕೆಲಸಕ್ಕೆ ಮನಸ್ಸು ಕೂರುವುದಕ್ಕೆ. ನಲವತ್ತು ನಿಮಿಷ ಎಂದರೆ ಒಂದು ಡಾಲರ್ ಮೂವತ್ತಮೂರು ಸೆಂಟು. ಈ ಮನುಷ್ಯನಿಗೆ ನಾನು ಅಷ್ಟು ಖರ್ಚು ಮಾಡಲಾರೆ ಎಂದು ಅವಳು ನನಗೆ ಬರೆದಳು. ಅವತ್ತಿನಿಂದ ಅವಳು ಅವನ ಜತೆ ಜಗಳವಾಡಿಲ್ಲ. ಗೆಳೆಯರೇ, ಸಮಯವನ್ನು ಪ್ರೀತಿಸುವುದೆಂದರೆ ಇದು.

ಅವನು ಎರಡನೆಯ ಸಲ ಓದಿದ. ಬಾಣ ನಿಂತುಹೋಗಿತ್ತು, ಅಲ್ಲಾಡಿಸಲಿಲ್ಲ. ಅವನಿಗೆ ಮೊದಲು ಆದದ್ದು ಸಿಟ್ಟಲ್ಲ, ಒಂದು ಥರದ ಬೆರಗು. ಇದನ್ನು ಅವಳು ಕಿವಿಯಲ್ಲಿ ಕೇಳಿ, ಬೆರಳಿನಲ್ಲಿ ಒತ್ತಿದ್ದಾಳೆ. ಒಂದು ಅಕ್ಷರ ತಪ್ಪಿಲ್ಲ, ಒಂದು ಮಾತು ಬಿಟ್ಟಿಲ್ಲ. ಎಲ್ಲಿಯೂ ಕೈ ತಡೆದ ಗುರುತಿಲ್ಲ. ಆಗ ಅವನು ಹಿಂದೆಯೇ, ಆ ಗೋಡೆಯ ಆಚೆ, ಪೇಪರು ಓದುತ್ತ ಕೂತಿದ್ದ. ಟಕಟಕ ಸದ್ದು ಒಂದೇ ಸಮನೆ ಬರುತ್ತಿತ್ತು. ಶಿವರಾತ್ರಿಯಿಂದ ಈಚೆಗಿನ ನೂರಿಪ್ಪತ್ತು ದಿನಗಳು ಅವನ ಕಣ್ಣೆದುರು ಬಂದವು, ಬಿಲ್ಲು ಕಟ್ಟದ ದಿನ, ಹಾಲು ಉಕ್ಕಿಸಿದ ದಿನ, ಅವಳ ಅಣ್ಣನ ಮನೆಯ ಗೃಹಪ್ರವೇಶಕ್ಕೆ ಹೋಗಲೊಲ್ಲೆ ಎಂದು ಮುಖ ತಿರುಗಿಸಿ ಮಲಗಿದ ದಿನ. ಪ್ರತಿಸಲವೂ ಅವಳು ಒಂದು ಕ್ಷಣ ಅವನನ್ನು ನೋಡಿ ಆಚೆ ಹೋಗುತ್ತಿದ್ದಳು. ಆ ಒಂದು ಕ್ಷಣದಲ್ಲಿ ಅವನು ಕರುಣೆ ಕಂಡಿದ್ದ. ಅವಳು ಅಲ್ಲಿ ಲೆಕ್ಕ ಹಾಕುತ್ತಿದ್ದಳು. ಒಂದು ಡಾಲರ್ ಮೂವತ್ತಮೂರು ಸೆಂಟು, ಐವತ್ತಾರು ರೂಪಾಯಿ, ಅಷ್ಟಕ್ಕೂ ಬಾಳದವನು. ತಾನು ಶಿವನಿಗೆ ಕೈಮುಗಿದದ್ದು ಇದಕ್ಕೆ ಎಂದು ನೆನೆದಾಗ ಅವನಿಗೆ ನಾಚಿಕೆಯಿಂದ ಮೈ ಉರಿಯಿತು. ಸಾಯುವಷ್ಟು ನಾಚಿಕೆ. ಊರೂರಿನ ಬಿಳಿಯ ಹೆಂಗಸರು ಕಿವಿಗೆ ತಂತಿ ಸಿಕ್ಕಿಸಿಕೊಂಡು ಅವನ ವಿಷಯ ಕೇಳುತ್ತಾರೆ, ಕೇಳಿ ತಲೆದೂಗುತ್ತಾರೆ, ತಮ್ಮ ಗಂಡಂದಿರ ಜತೆ ಜಗಳ ಬಿಡುತ್ತಾರೆ.

ಬರೆಯಬೇಕೆಂದು ಅವನು ಯೋಚಿಸಲಿಲ್ಲ, ಕೈಯೇ ಯೋಚಿಸಿತು. ಪತ್ರದ ಕಿಟಕಿ ಪಕ್ಕದಲ್ಲೇ ತೆರೆದಿತ್ತು, ಕರೀನಳ ವಿಳಾಸ ಮೇಲೆಯೇ ಇತ್ತು. ಒಂದೊಂದೇ ಬೆರಳಿನಲ್ಲಿ ಅವನು ಒತ್ತತೊಡಗಿದ. ತಮ್ಮ ದಯಾಪರ ಗಮನಕ್ಕೆ ತರುವುದೇನೆಂದರೆ ಎಂದು ಶುರುಮಾಡಿದ. ಆ ಇಂಗ್ಲಿಷು ಬಂದ ಕೂಡಲೇ ಬೆನ್ನು ನೆಟ್ಟಗಾಯಿತು, ಅಂಚು ಬಿಟ್ಟು ಹಿಂದಕ್ಕೆ ಸರಿದು ಕುರ್ಚಿ ತುಂಬ ಕೂತ. ಶ್ರೀಮತಿ ಪ್ರೇಮಲೀಲಾ ಈ ದಿನ ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷದಿಂದ ತಮ್ಮ ಜಾಗದಲ್ಲಿ ಇರುವುದಿಲ್ಲ. ಸದರಿ ಅವಧಿಯಲ್ಲಿ ಮೌಸಿನ ಚಲನೆಯನ್ನು ಕೆಳಗೆ ಸಹಿ ಮಾಡಿದವನು ಮಾಡಿರುತ್ತಾನೆ. ಇದು ಕೆಲಸವಲ್ಲದ ಕಾರಣ ಸದರಿ ಸಮಯವನ್ನು ಕಡಿತಗೊಳಿಸಿ ನ್ಯಾಯ ದೊರಕಿಸಬೇಕಾಗಿ ವಿನಂತಿ. ಹಲ್ಲಿನ ವಿಷಯ ಬರೆಯಲಿಲ್ಲ. ಟೈಂ ಆಫೀಸಿನ ರಿಪೋರ್ಟಿನಲ್ಲಿ ಕಾರಣಕ್ಕೆ ಜಾಗವಿರುತ್ತಿರಲಿಲ್ಲ. ಹೆಸರು ಹಾಕಿ, ಹೆಸರಿನ ಕೆಳಗೆ, ನಿವೃತ್ತ ಟೈಂಕೀಪರ್, ಎಂದು ಸೇರಿಸಿದ. ಕಳಿಸುವ ಗುಂಡಿ ಒತ್ತಿದ. ಅಷ್ಟರಲ್ಲಿ ಯಂತ್ರ ಒಂದು ಚಿತ್ರ ಹಿಡಿಯಿತು, ಪಕ್ಕದ ಹಸಿರು ಪಟ್ಟಿ ತುಂಬಿ ನಿಂತಿತ್ತು. ಆ ಬೆಳಿಗ್ಗೆಯ ಹತ್ತು ನಿಮಿಷಗಳಲ್ಲೆಲ್ಲ ಚೆನ್ನಾಗಿ ಕೆಲಸ ನಡೆದದ್ದು ಅದೊಂದರಲ್ಲೇ.

ಕಳಿಸಿ ಐದು ನಿಮಿಷವಾದ ಮೇಲೆ ಅವನಿಗೆ ಅರ್ಥವಾಯಿತು. ಪತ್ರ ಹೋದದ್ದು ಅವಳ ಹೆಸರಿನಿಂದ. ಅವನಿಗೆ ಬೇರೆ ಪತ್ರದ ಪೆಟ್ಟಿಗೆಯೇ ಇಲ್ಲ. ಉತ್ತರ ಬರುವುದೂ ಇಲ್ಲಿಗೇ, ಓದುವುದೂ ಅವಳೇ. ರಿಪೋರ್ಟು ಬರೆದು ಆರೋಪಿಯ ಕೈಯಲ್ಲೇ ಕೊಟ್ಟಂತಾಗಿತ್ತು. ಅಳಿಸಬೇಕೆಂದು ಹುಡುಕಿದ, ಎಲ್ಲಿ ಒತ್ತಬೇಕೋ ತಿಳಿಯಲಿಲ್ಲ. ಬೇರೇನಾದರೂ ಒತ್ತಿ ಗಡಿಯಾರ ನಿಂತುಹೋದರೆ ಎಂದು ಭಯವಾಯಿತು. ಆ ಭಯ ಎಂಥದೆಂದು ಅವನಿಗೇ ಹೇಳಲಾಗುತ್ತಿರಲಿಲ್ಲ. ಗಡಿಯಾರವನ್ನು ಕೊಂದವನು ಅದು ನಿಲ್ಲಬಾರದೆಂದು ಮತ್ತೆ ಮೌಸು ಅಲ್ಲಾಡಿಸತೊಡಗಿದ, ಮೂರು ನಿಮಿಷಕ್ಕಲ್ಲ, ನಿಮಿಷ ನಿಮಿಷಕ್ಕೂ. ಹನ್ನೊಂದರ ಪತ್ರದ ಹೊತ್ತು ಅವಳಿಲ್ಲದೆ ಕಳೆದಿತ್ತು. ಇನ್ನು ನಾಲ್ಕಕ್ಕೆ ನೋಡುತ್ತಾಳೆ, ಅದಕ್ಕೆ ಮುಂಚೆ ಪ್ರಾಣ ಹೋದರೂ ನೋಡುವುದಿಲ್ಲ. ನಾಲ್ಕರೊಳಗೆ ಹೇಳಿಬಿಟ್ಟರೆ, ಅವಳೇ ಕರೀನಳಿಗೆ ಇನ್ನೊಂದು ಪತ್ರ ಬರೆದು, ಗಂಡನಿಗೆ ತಲೆ ಸರಿಯಿಲ್ಲ ಎಂದೋ, ನನಗೆ ಹಲ್ಲು ಕೀಳಿಸಬೇಕಿತ್ತು ಎಂದೋ ಸರಿಮಾಡಿಕೊಳ್ಳಬಹುದು. ಹೇಳಬೇಕು, ಬಂದ ಕೂಡಲೇ ಹೇಳಬೇಕು ಎಂದುಕೊಂಡ.

ಹನ್ನೆರಡೂ ಮುಕ್ಕಾಲಿಗೆ ಅವಳು ಬಂದಳು. ಆಷಾಢ ಶುಕ್ರವಾರ, ಬಸ್ಸುಗಳೆಲ್ಲ ಬೆಟ್ಟದ ಕಡೆ ಓಡುತ್ತಿದ್ದವು. ಅರ್ಧ ದಾರಿ ನಡೆದೇ ಬಂದಿದ್ದಳು. ಬಾಯಿಯಲ್ಲಿ ಹತ್ತಿ ಕಚ್ಚಿಕೊಂಡಿದ್ದಳು, ತುಟಿಯ ಮೂಲೆಯಲ್ಲಿ ರಕ್ತ ಒಣಗಿತ್ತು, ಸೆರಗಿನ ತುದಿಯಲ್ಲಿಯೂ ಇತ್ತು. ಮಾತಾಡುವ ಹಾಗಿರಲಿಲ್ಲ. ಏಳಿ ಎಂದು ಕೈಯಲ್ಲಿ ತೋರಿಸಿದಳು. ಅವನು ಎದ್ದ. ಅವಳು ಕೂತು, ಮೂಲೆಯ ಗಡಿಯಾರ ನೋಡಿದಳು: ಮೂವತ್ತೇಳು ಗಂಟೆ ಇಪ್ಪತ್ತೈದು ನಿಮಿಷ. ಆಮೇಲೆ ಅವನ ಕಡೆ ತಿರುಗಿ ತಲೆಯಾಡಿಸಿದಳು, ಪರವಾಗಿಲ್ಲ ಮಾಡಿದಿರಿ ಎಂಬಂತೆ. ಎಷ್ಟೋ ತಿಂಗಳ ಮೇಲೆ ಸಿಕ್ಕಿದ ಮೆಚ್ಚುಗೆ ಅದು. ಪ್ರೇಮ ಎಂದು ಕರೆದ. ಅವಳು ತಂತಿಯನ್ನು ಕಿವಿಗೆ ಸಿಕ್ಕಿಸಿಕೊಂಡಾಗಿತ್ತು. ಕರೆಂಟು ಹೋಗಲು ಹದಿನೈದು ನಿಮಿಷವಿತ್ತು.

ಕರೆಂಟು ಹೋಯಿತು. ಅವಳು ಒಳಗೆ ಹೋಗಿ ಚಾಪೆಯ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದಳು. ಎರಡು ಗಂಟೆಯ ಕಾಲ ಮನೆಯಲ್ಲಿ ಫ್ಯಾನಿಲ್ಲ, ಟೈಪಿನ ಸದ್ದಿಲ್ಲ. ಹೇಳಲು ಇದಕ್ಕಿಂತ ಒಳ್ಳೆಯ ಹೊತ್ತು ಸಿಗುವಂತಿರಲಿಲ್ಲ. ಅವಳು ಎದುರು ಮಾತಾಡುವ ಹಾಗೂ ಇರಲಿಲ್ಲ. ಅವನು ಬಾಗಿಲಲ್ಲಿ ನಿಂತು ಅವಳ ಬೆನ್ನು ನೋಡಿದ. ಆಮೇಲೆ ಅಡಿಗೆಮನೆಗೆ ಹೋಗಿ, ಮದುವೆಯಾಗಿ ಇಪ್ಪತ್ತಮೂರು ವರ್ಷದಲ್ಲಿ ಮೊದಲ ಸಲ, ಗಂಜಿ ಕಾಯಿಸಿದ. ಅಕ್ಕಿಯ ನುಚ್ಚು ಎಲ್ಲಿದೆ ಎಂದು ಹುಡುಕಿ ಹುಡುಕಿ ಡಬ್ಬಿಗಳನ್ನೆಲ್ಲ ಕೆಳಗಿಟ್ಟ. ಗಂಜಿ ತಳ ಹತ್ತಿತು. ಮೇಲಿನದನ್ನು ಬಗ್ಗಿಸಿ ಉಪ್ಪು ಹಾಕಿ ತಟ್ಟೆಯಲ್ಲಿ ಕೊಂಡುಹೋಗಿ ಕೊಟ್ಟ. ಅವಳು ಎದ್ದು ಕೂತು ತಟ್ಟೆ ಮುಟ್ಟಿ, ಬಿಸಿ ತಿನ್ನಬಾರದಂತೆ ಎಂದು ಸನ್ನೆ ಮಾಡಿ ಪಕ್ಕಕ್ಕಿಟ್ಟಳು. ಅವನಿಗೆ ರೇಗಿತು. ಇಷ್ಟು ಮಾಡಿದರೂ ಇಲ್ಲ! ಕ್ಷಮೆಯನ್ನು ಮೊದಲೇ ಬೇಡಿ, ತಿರಸ್ಕಾರವಾದಂತೆ ರೇಗಿತು. ಆಮೇಲೆ ಕುಕ್ಕುರುಗಾಲಲ್ಲಿ ಕೂತು, ಪೇಪರನ್ನು ಮಡಿಚಿ ಗಂಜಿಗೆ ಗಾಳಿ ಹಾಕಿದ. ಪೇಪರಿನ ಅಂಚಿನಲ್ಲಿ ಅವಳ ಕೂಡು ಕಳೆ ಇತ್ತು. ತಣ್ಣಗಾಗುವಷ್ಟರಲ್ಲಿ ಅವಳಿಗೆ ನಿದ್ದೆ ಬಂದಿತ್ತು. ಊದಿದ ಮುಖ ಮಗುವಿನ ಮುಖದಂತೆ ದುಂಡಗಾಗಿತ್ತು. ಎಬ್ಬಿಸಿ ಹೇಳುವುದು ಪಾಪ ಎಂದು ಅವನು ತನಗೆ ತಾನೇ ಹೇಳಿಕೊಂಡ. ಮೂರು ರಾತ್ರಿ ಮಲಗಿಲ್ಲ. ಹೇಡಿತನಕ್ಕೆ ಅಷ್ಟು ಒಳ್ಳೆಯ ಹೆಸರು ಸಿಕ್ಕಿದ್ದಕ್ಕೆ ಅವನಿಗೆ ಹಗುರವೂ ಆಯಿತು.

ಮೂರಕ್ಕೆ ಫ್ಯಾನು ತಿರುಗಿತು, ಅವಳು ಎದ್ದು ಕೂತಳು. ಮೂರರಿಂದ ನಾಲ್ಕರವರೆಗೆ ಅವಳು ಟೈಪು ಮಾಡಿದ್ದು ಅದೇ ಪಾಠದ ಉಳಿದ ಭಾಗ. ಅವನು ಅವಳ ಹಿಂದಿನ ಬೆಂಚಿನ ಮೇಲೆ ಕೂತಿದ್ದ. ಪರದೆಯ ಮೇಲೆ ಸಾಲುಗಳು ಹುಟ್ಟುತ್ತ ಹೋದವು, ಅವನಿಗೆ ಓದಲು ಧೈರ್ಯವಿರಲಿಲ್ಲ. ಬೀದಿಯಲ್ಲಿ ಯೋಗದ ಚಾಪೆ ಸುತ್ತಿ ಹೆಗಲಿಗೆ ಹಾಕಿಕೊಂಡ ಇಬ್ಬರು ವಿದೇಶಿ ಹುಡುಗಿಯರು ಎಳನೀರಿಗೆ ಚೌಕಾಸಿ ಮಾಡುತ್ತಿದ್ದರು. ಕರೀನ್ ನೋಡಿರಲಾರಳು, ಶುಕ್ರವಾರ ಸಂಜೆ ಅವರೆಲ್ಲ ಹೊರಗೆ ಹೋಗುತ್ತಾರಂತೆ. ನೋಡಿದರೂ ತಮಾಷೆ ಎಂದುಕೊಳ್ಳುತ್ತಾಳೆ. ಅಷ್ಟು ದಿನ ಈ ಮನೆಯ ಊಟ ಉಂಡವಳು. ಮೂರೂ ಐವತ್ತಕ್ಕೆ ಅವನು ಎದ್ದು ಅವಳ ಭುಜ ಮುಟ್ಟಿದ. ಅವಳು ಕಿವಿಯ ತಂತಿ ತೆಗೆಯದೆ, ಗಡಿಯಾರ ತೋರಿಸಿ, ಹತ್ತು ಬೆರಳು ಎತ್ತಿ ತಡೆಯಿರಿ ಎಂದಳು.

ನಾಲ್ಕಕ್ಕೆ ಸರಿಯಾಗಿ ಅವಳು ಪತ್ರ ತೆರೆದಳು. ಉತ್ತರ ಬಂದಿತ್ತು, ಉತ್ತರದ ಕೆಳಗೆ ಅವನ ರಿಪೋರ್ಟು ಇಡಿಯಾಗಿ ಅಂಟಿಕೊಂಡಿತ್ತು. ಪ್ರೀತಿಯ ಸಿದ್ದಲಿಂಗಸ್ವಾಮಿ ಅವರಿಗೆ ಎಂದು ಶುರುವಾಗಿತ್ತು. ಅವಳು ಮೊದಲು ಕೆಳಗಿನದನ್ನು ಓದಿದಳು, ಆಮೇಲೆ ಮೇಲಿನದನ್ನು. ಅವನೂ ಹಿಂದೆ ನಿಂತು ಓದಿದ, ಅವಳಿಗಿಂತ ನಿಧಾನವಾಗಿ. ಅವಳು ತನ್ನದು ಮುಗಿದರೂ ಪುಟ ಸರಿಸದೆ, ಅವನದು ಮುಗಿಯುವವರೆಗೆ ಕಾದಳು. ಭಾರವಾದ ಹೃದಯದಿಂದ ಬರೆಯುತ್ತಿದ್ದೇನೆ ಎಂದಿದ್ದಳು ಕರೀನ್. ನಂಬಿಕೆ ಹೋದ ಮೇಲೆ ಪ್ರೇಮಲೀಲಾಳ ಜತೆ ಕೆಲಸ ಸಾಧ್ಯವಿಲ್ಲ, ಈ ವಾರಕ್ಕೆ ಮುಗಿಸುತ್ತೇನೆ, ಅವಳಿಗೆ ಒಳ್ಳೆಯದಾಗಲಿ. ಆದರೆ ಸ್ವಂತ ಹೆಂಡತಿಯ ವಿಷಯದಲ್ಲೂ ನಿಜ ಹೇಳುವ ಮನುಷ್ಯ ಎಲ್ಲಿ ಸಿಗುತ್ತಾನೆ? ತನ್ನ ಹತ್ತಿರ ಬೇರೆ ಬೇರೆ ಊರುಗಳಲ್ಲಿ ಹನ್ನೊಂದು ಹೆಂಗಸರು ಟೈಪು ಮಾಡುತ್ತಾರೆ, ಅವರ ಗಂಟೆಗಳ ಚಿತ್ರಗಳನ್ನು ಪರೀಕ್ಷಿಸಲು ಇಂಥವರೊಬ್ಬರು ಬೇಕು. ಗಂಟೆಗೆ ನಾಲ್ಕು ಡಾಲರ್. ಒಪ್ಪಿಗೆಯಾದರೆ ಇವತ್ತೇ ತಿಳಿಸಿ. ಮೊದಲನೆಯ ಕೆಲಸವಾಗಿ ಪ್ರೇಮಲೀಲಾಳ ನಾಲ್ಕು ವಾರದ ಚಿತ್ರಗಳನ್ನು ತೆರೆಯುವ ಕೊಂಡಿ ಕೆಳಗಿದೆ. ಕೆಲಸ ಮಾಡದ ಹೊತ್ತನ್ನು ಗುರುತು ಹಾಕಿದರೆ ಆ ದುಡ್ಡು ಹಿಡಿದುಕೊಂಡು ಮಿಕ್ಕಿದ್ದನ್ನು ಕಳಿಸುತ್ತೇನೆ.

ಪ್ರೇಮಲೀಲಾ ಬಾಯಿಗೆ ಬೆರಳು ಹಾಕಿ ಹತ್ತಿಯನ್ನು ತೆಗೆದು, ಪೇಪರಿನ ಮೇಲಿಟ್ಟಳು. ನಾಲಿಗೆಯಿಂದ ಖಾಲಿ ಜಾಗವನ್ನು ತಡವಿಕೊಂಡಳು.

"ನಂಗೆ ಎರಡು ಕೊಡ್ತಿದ್ಲು," ಎಂದಳು. ಒಂದು ಕಡೆಯ ತುಟಿ ಇನ್ನೂ ಮರಗಟ್ಟಿದ್ದರಿಂದ ಮಾತು ತೊದಲುತ್ತಿತ್ತು. "ನಿಮಗೆ ನಾಲ್ಕು ಅಂದಿದಾಳೆ."

ಅವನು ಅವಳ ಕುರ್ಚಿಯ ಪಕ್ಕಕ್ಕೆ ಬಂದ. ಆ ಪಾಠ ಓದಿಬಿಟ್ಟೆ, ತಲೆ ಕೆಟ್ಟುಹೋಯಿತು, ಈಗಲೇ ಬರೆಯೋಣ, ತಪ್ಪೆಲ್ಲ ನನ್ನದು ಎಂದು ಬರೆಯೋಣ, ಹಲ್ಲಿನ ವಿಷಯ ಬರೆಯೋಣ ಎಂದು ಒಂದರ ಮೇಲೊಂದು ಹೇಳಿದ. ಅವಳು ಬೇಡವೆಂದು ತಲೆಯಾಡಿಸಿದಳು. ಮೌಸು ಅಲ್ಲಾಡಿಸಿ ಎಂದು ಹೇಳಿಹೋದದ್ದು ಸುಳ್ಳಲ್ಲವಲ್ಲ, ಬರೆದರೆ ಇಬ್ಬರದೂ ಹೋಗುತ್ತದೆ ಎಂದಳು. ಅವಳ ಮುಖದಲ್ಲಿ ಏನಾದರೂ ಸಿಗುತ್ತದೆಯೇ ಎಂದು ಅವನು ಬಗ್ಗಿ ನೋಡಿದ. ಅವಳು ಅವನನ್ನು ಒಂದು ಕ್ಷಣ ನೋಡಿದಳು. ಆ ಕ್ಷಣ ಯಾವುದೆಂದು ಈಗ ಅವನಿಗೆ ಗೊತ್ತಿತ್ತು.

"ಬಯ್ಯಿ," ಎಂದ ಅವನು. "ಬಾಯ್ತುಂಬ ಬಯ್ದುಬುಡು ಪ್ರೇಮ. ಮುಖಕ್ಕೆ ಉಗಿ ಬೇಕಾದ್ರೆ. ಹಿಂಗೆ ಸುಮ್ನಿರಬೇಡ."

"ಐದಕ್ಕೆ ಕರೆಂಟ್ ಹೋಗುತ್ತೆ ಕಣ್ರೀ," ಎಂದಳು ಅವಳು. "ಅಷ್ಟರೊಳಗೆ ಒಪ್ಕೊಂಡಿದೀರಿ ಅಂತ ಹೋಗ್ಬೇಕು."

ಅವಳೇ ಬರೆದಳು. ದಯಾಪರ ಗಮನ, ಕೆಳಗೆ ಸಹಿ ಮಾಡಿದವನು, ಎ‌ಲ್ಲವನ್ನೂ ಅವನ ಇಂಗ್ಲಿಷಿನಲ್ಲಿಯೇ, ಒಂದು ನಿಮಿಷದಲ್ಲಿ. ನಿವೃತ್ತ ಟೈಂಕೀಪರ್ ಎಂಬುದನ್ನೂ ಮರೆಯದೆ ಸೇರಿಸಿದಳು. ಕಳಿಸಿ, ಕೊಂಡಿ ಒತ್ತಿ ನಾಲ್ಕು ವಾರದ ಚಿತ್ರಗಳನ್ನು ತೆರೆದು, ಕುರ್ಚಿಯಿಂದ ಎದ್ದು ನಿಂತಳು. ಕೂತ್ಕೊಳಿ ಎಂದಳು. ಕೆಲಸ ಮಾಡಿದ್ದಕ್ಕೆ ಏನೂ ಹಾಕಬೇಡಿ, ಮಾಡದಿದ್ದುದಕ್ಕೆ ಈ ಚೌಕದಲ್ಲಿ ಒತ್ತಿ ಎಂದು ತೋರಿಸಿದಳು. ಅವನು ಕೂತ.

ಮೊದಲನೆಯ ಸೋಮವಾರ. ಐದೂ ಹತ್ತು, ಐದೂ ಇಪ್ಪತ್ತು, ಐದೂವರೆ, ಸಾಲಾಗಿ ಸಣ್ಣ ಸಣ್ಣ ಚಿತ್ರಗಳು, ಪ್ರತಿಯೊಂದರ ಪಕ್ಕವೂ ಹಸಿರು ಪಟ್ಟಿ ತುಂಬಿತ್ತು. ಆರೂ ನಲವತ್ತರದು ಖಾಲಿ. ಕೀಲಿ ಸೊನ್ನೆ, ಮೌಸು ಸೊನ್ನೆ. ಅರ್ಧ ಮಾತಿನಲ್ಲಿ ನಿಂತ ಸಾಲು. ಆರೂ ಐವತ್ತರಲ್ಲಿ ಅದೇ ಮಾತು ಮುಂದುವರಿದಿತ್ತು. ಕರೆಂಟು ಹೋಗಿತ್ತೇನೋ ಎಂದುಕೊಂಡ. ಹೋಗಿದ್ದರೆ ಚಿತ್ರವೇ ಇರುವುದಿಲ್ಲ. ಮಂಗಳವಾರ ನೋಡಿದ, ಆರೂ ನಲವತ್ತು ಖಾಲಿ. ಬುಧವಾರವೂ ಅದೇ. ಆರೂ ನಲವತ್ತಕ್ಕೆ ಅವನ ಪೂಜೆ ಮುಗಿಯುತ್ತಿತ್ತು. ವಿಭೂತಿಯ ಹಣೆಯಲ್ಲಿ ಹೊರಗೆ ಬಂದು ಬೆಂಚಿನ ಮೇಲೆ ಕೂರುವ ಹೊತ್ತಿಗೆ ಲೋಟದಲ್ಲಿ ಕಾಫಿ ಹೊಗೆಯಾಡುತ್ತಿರುತ್ತಿತ್ತು. ಅದು ಯಾವಾಗ ಬಂತು, ಯಾರು ಎದ್ದು ತಂದರು ಎಂದು ಅವನು ಒಂದು ದಿನವೂ ತಲೆಯೆತ್ತಿ ನೋಡಿರಲಿಲ್ಲ. ಟೈಪಿನ ಸದ್ದು ನಿಂತದ್ದೂ ಅವನಿಗೆ ಕೇಳಿಸಿರಲಿಲ್ಲ. ಅವನು ಸೋಮವಾರಕ್ಕೆ ಮರಳಿ, ಮೌಸನ್ನು ಆ ಚೌಕದ ಹತ್ತಿರ ಒಯ್ದು ನಿಲ್ಲಿಸಿ, ತಿರುಗದೆಯೇ ಕೇಳಿದ.

"ಇದಕ್ಕೇನು ಹಾಕ್ಲಿ?"

ಅವಳು ಬಗ್ಗಿ ನೋಡಿದಳು. ಔಷಧದ, ರಕ್ತದ ವಾಸನೆ ಅವನ ಕಿವಿಯ ಹತ್ತಿರ ಬಂತು.

"ಕೆಲ್ಸ ಮಾಡಿಲ್ಲ ಅಂತ ಹಾಕಿ," ಎಂದಳು. "ಮಾಡಿಲ್ವಲ್ಲ."

ಅವನು ಹಾಕಿದ. ಚಿತ್ರ ಕೆಂಪಾಯಿತು. ಮಂಗಳವಾರದ್ದು ಬಂದಾಗ ಕೈ ತಡೆದು ಅವಳ ಕಡೆ ನೋಡಿದ, ಅವಳು ತಲೆಯಾಡಿಸಿದಳು. ಬುಧವಾರದ್ದಕ್ಕೆ ಅವನು ಕೇಳಲಿಲ್ಲ.